ಬ್ಲೂ ಬಾಕ್ಸ್: ಫೋನ್ ಕಂಪನಿಯ ಭಾಷೆಯಲ್ಲೇ ಮಾತಾಡಿದ ಡಬ್ಬಿ

ಬ್ಲೂ ಬಾಕ್ಸ್ ಅಂದರೆ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿ. ಮೇಲೆ ಹನ್ನೆರಡು ಹದಿಮೂರು ಗುಂಡಿ, ಒಳಗೆ ಬ್ಯಾಟರಿ, ಜೊತೆಗೊಂದು ಪುಟಾಣಿ ಸ್ಪೀಕರ್. ಗುಂಡಿ ಒತ್ತಿದರೆ ಸದ್ದು ಬರುತ್ತದೆ. ಅದರ ಕೆಲಸ ಅಷ್ಟೇ. ಆದರೆ 1960 ಮತ್ತು 70ರ ದಶಕದ ಅಮೆರಿಕದಲ್ಲಿ ಆ ಸ್ಪೀಕರನ್ನು ಫೋನ್ ರಿಸೀವರಿನ ಬಾಯಿಗೆ ಹಿಡಿದರೆ, ದೇಶದ ಯಾವ ಮೂಲೆಗಾದರೂ, ಸಮುದ್ರದಾಚೆಗೂ, ದುಡ್ಡು ಕೊಡದೆ ಮಾತಾಡಬಹುದಿತ್ತು. ಇಂಥ ಡಬ್ಬಿಗಳನ್ನು ಮನೆಯಲ್ಲೇ ಕಟ್ಟಿ, ಫೋನ್ ಜಾಲದ ಸಂದಿಗೊಂದಿ ಹುಡುಕುತ್ತಿದ್ದವರಿಗೆ ‘ಫೋನ್ ಫ್ರೀಕ್’ ಅಂತ ಹೆಸರು ಬಿತ್ತು. ಮೊದಲು ಸಿಕ್ಕಿಬಿದ್ದ ಡಬ್ಬಿಯ ಬಣ್ಣ ನೀಲಿ ಇತ್ತಂತೆ, ಹಾಗಾಗಿ ಬ್ಲೂ ಬಾಕ್ಸ್. ಆಮೇಲೆ ಕಪ್ಪು, ಬೂದು, ಯಾವ ಬಣ್ಣದ ಡಬ್ಬಿಯಲ್ಲಿ ಕಟ್ಟಿದರೂ ಹೆಸರು ಅದೇ ಉಳಿಯಿತು.

ಇದರ ಬಗ್ಗೆ ಬರೆಯುವವರು ಡಬ್ಬಿ ಕಟ್ಟಿದವರ ಜಾಣತನವನ್ನೇ ಜಾಸ್ತಿ ಹೊಗಳುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಇನ್ನೊಂದು ವಿಷಯ. ಪ್ರಪಂಚದ ಅತಿ ದೊಡ್ಡ ಫೋನ್ ಜಾಲ ಒಂದು ಡಬ್ಬಿಯ ಮಾತನ್ನು ಯಾಕೆ ಕೇಳಿತು?

ಟ್ರಂಕ್ ಕಾಲ್ ಅನ್ನುವ ಮಾತು ನಮ್ಮ ಹಿರಿಯರಿಗೆಲ್ಲ ಗೊತ್ತು. ಒಂದು ಊರಿನ ಎಕ್ಸ್‌ಚೇಂಜಿನಿಂದ ಇನ್ನೊಂದು ಊರಿನ ಎಕ್ಸ್‌ಚೇಂಜಿಗೆ ಹೋಗುವ ಲೈನೇ ಟ್ರಂಕ್. ಆಪರೇಟರ್ ಇಲ್ಲದೆ ಕರೆ ತಾನಾಗಿ ಹೋಗಬೇಕು ಅಂದರೆ ಎರಡು ಎಕ್ಸ್‌ಚೇಂಜುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಬೇಕು. ಲೈನ್ ಖಾಲಿ ಇದೆಯಾ, ಯಾವ ನಂಬರ್ ಬೇಕು, ಮಾತು ಮುಗಿಯಿತಾ, ಇವೆಲ್ಲ ತಿಳಿಯಬೇಕು. ಅದಕ್ಕೆ ಬೇರೆ ತಂತಿ ಎಳೆಯುವುದು ದುಬಾರಿ ಬಾಬತ್ತು. ಹಾಗಾಗಿ ಅಮೆರಿಕದ ಫೋನ್ ಜಾಲ ನಡೆಸುತ್ತಿದ್ದ ಎಟಿ ಅಂಡ್ ಟಿ ಕಂಪನಿಯ ಎಂಜಿನಿಯರುಗಳು ಜನ ಮಾತಾಡುವ ಅದೇ ಲೈನಿನಲ್ಲಿ, ಕಿವಿಗೆ ಕೇಳಿಸುವ ಸದ್ದಿನಲ್ಲೇ ಈ ಸೂಚನೆಗಳನ್ನೂ ಕಳಿಸಿದರು. ಇದಕ್ಕೆ ಇನ್‌-ಬ್ಯಾಂಡ್ ಸಿಗ್ನಲಿಂಗ್ ಅಂತ ಹೆಸರು. ಬ್ಲೂ ಬಾಕ್ಸ್ ಅರ್ಥವಾಗಬೇಕಾದರೆ ಇದೊಂದು ಗೊತ್ತಿದ್ದರೆ ಸಾಕು.

ಬಸ್ಸಿನಲ್ಲಿ ಕಂಡಕ್ಟರ್ ವಿಷಲ್ ಊದಿದರೆ ಡ್ರೈವರ್ ಗಾಡಿ ಬಿಡುತ್ತಾನೆ. ಹಿಂದಿನ ಸೀಟಿನ ತರಲೆ ಹುಡುಗ ಅದೇ ಥರ ಊದಿದರೂ ಬಿಡುತ್ತಾನೆ. ಊದಿದ್ದು ಯಾರು ಅಂತ ಅವನು ತಿರುಗಿ ನೋಡುವುದಿಲ್ಲ, ಅಲ್ವಾ? ಫೋನ್ ಜಾಲದ್ದೂ ಇದೇ ಕಥೆ.

ಇಲ್ಲಿ ವಿಷಲ್ ಯಾವುದು ಅಂದರೆ 2600 ಹರ್ಟ್ಸ್ ಸದ್ದು, ಅಂದರೆ ಸೆಕೆಂಡಿಗೆ 2600 ಕಂಪನ. ಪಿಯಾನೋದ ಬಲತುದಿಯ ಹತ್ತಿರ ಬರುವ, ಕಿವಿಗೆ ಚುಚ್ಚುವಂಥ ಸ್ವರ. ಟ್ರಂಕ್ ಖಾಲಿ ಇದ್ದಾಗ ಈ ಸದ್ದು ಲೈನಿನಲ್ಲಿ ಸುಮ್ನೆ ಹರಿಯುತ್ತಿರುತ್ತದೆ. ಸದ್ದು ನಿಂತರೆ ಆಚೆ ಕಡೆಯ ಯಂತ್ರ ‘ಕರೆ ಬಂತು’ ಅಂದುಕೊಳ್ಳುತ್ತದೆ. ಮತ್ತೆ ಶುರುವಾದರೆ ‘ಫೋನ್ ಇಟ್ಟರು’ ಅಂದುಕೊಳ್ಳುತ್ತದೆ. ಮನುಷ್ಯರ ಮಾತಿನಲ್ಲಿ ಇಷ್ಟು ಎತ್ತರದ ಒಂದೇ ಸ್ವರ ಬಿಡಿಯಾಗಿ ಬರುವುದು ಅಪರೂಪ. ಜೊತೆಗೆ ಬೇರೆ ಸದ್ದು ಬೆರೆತಿದ್ದರೆ ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆಯೂ ಏರ್ಪಾಟು ಮಾಡಿದ್ದರು. ಅಂದರೆ ಮಾತಿನ ನಡುವೆ ಲೈನ್ ತಪ್ಪಿ ಕಟ್ಟಾಗಬಾರದು ಅಂತ ಚೆನ್ನಾಗೇ ಯೋಚಿಸಿದ್ದರು. ಯಾರಾದರೂ ಬೇಕಂತಲೇ ಈ ಸದ್ದು ಮಾಡಬಹುದು ಅನ್ನುವುದೊಂದು ಅವರ ತಲೆಗೆ ಹೊಳೆದಂತಿಲ್ಲ.

ಫ್ರೀಕ್ ಮಾಡುತ್ತಿದ್ದದ್ದು ಇಷ್ಟು. ಮೊದಲು ದೂರದ ಊರಿನ ಯಾವುದಾದರೂ ಉಚಿತ ನಂಬರಿಗೆ, ಅಂದರೆ 800ರಿಂದ ಶುರುವಾಗುವ ನಂಬರಿಗೋ ಡೈರೆಕ್ಟರಿ ವಿಚಾರಣೆಗೋ, ಕರೆ ಮಾಡುವುದು. ಆಚೆ ಕಡೆ ರಿಂಗ್ ಆಗುವಾಗ ಒಂದು ಕ್ಷಣ 2600 ಊದುವುದು. ದೂರದ ಯಂತ್ರ ಕರೆ ಮುಗಿಯಿತು ಅಂದುಕೊಂಡು ಆ ಸಂಪರ್ಕ ಬಿಡುತ್ತದೆ. ಸದ್ದು ನಿಂತ ಕೂಡಲೇ, ಓಹೋ ಹೊಸ ಕರೆ ಬಂತು, ಅಂತ ನಂಬರಿಗಾಗಿ ಕಾಯುತ್ತದೆ. ಇತ್ತ ಫ್ರೀಕ್‌ನ ಊರಿನ ಎಕ್ಸ್‌ಚೇಂಜಿಗೆ ಇದರ ಸುಳಿವೇ ಇಲ್ಲ. ಗಿರಾಕಿ ರಿಸೀವರ್ ಇಟ್ಟಿಲ್ಲ, ಉಚಿತ ನಂಬರಿನ ಜೊತೆ ಮಾತಾಡುತ್ತಿದ್ದಾನೆ, ಅಂತಲೇ ಅದರ ಲೆಕ್ಕ. ಬಿಲ್ ಬರೆಯುವುದು ಇದೇ ಎಕ್ಸ್‌ಚೇಂಜು. ಹಾಗಾಗಿ ಬಿಲ್ ಸೊನ್ನೆ.

ಇನ್ನು ನಂಬರ್ ಹೇಳಬೇಕು. ಎಕ್ಸ್‌ಚೇಂಜುಗಳು ತಮ್ಮೊಳಗೆ ನಂಬರ್ ಹೇಳಿಕೊಳ್ಳಲು ಆರು ಸ್ವರ ಇಟ್ಟುಕೊಂಡಿದ್ದವು: 700, 900, 1100, 1300, 1500, 1700 ಹರ್ಟ್ಸ್. ಒಂದೊಂದು ಅಂಕಿಗೂ ಎರಡೆರಡು ಸ್ವರ ಒಟ್ಟಿಗೆ. 700 ಮತ್ತು 900 ಸೇರಿದರೆ ಒಂದು, 1300 ಮತ್ತು 1500 ಸೇರಿದರೆ ಸೊನ್ನೆ. ಶುರುವಿಗೆ ಕೆಪಿ, ಕೊನೆಗೆ ಎಸ್‌ಟಿ ಅನ್ನುವ ಎರಡು ಗುರುತು ಬೇರೆ. ಬ್ಯಾಂಕಿಗೆ ಫೋನ್ ಮಾಡಿದಾಗ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಅಂದರೆ ನಾವು ಒತ್ತಿದಾಗ ಬರುವ ಸದ್ದೂ ಜೋಡಿ ಸ್ವರವೇ. ಆದರೆ ಇದು ಅದಲ್ಲ. ಅದು ಗಿರಾಕಿಗಳಿಗಾಗಿ 1963ರಲ್ಲಿ ಬಂದ ಟಚ್‌ಟೋನ್, ಅದರ ಸ್ವರಗಳೇ ಬೇರೆ. ಬ್ಲೂ ಬಾಕ್ಸ್ ಕದ್ದದ್ದು ಎಕ್ಸ್‌ಚೇಂಜುಗಳ ಒಳಮಾತನ್ನು.

ಕದ್ದದ್ದು ಅನ್ನುವುದೂ ಪೂರ್ತಿ ಸರಿಯಲ್ಲ. ಈ ವಿವರಗಳನ್ನೆಲ್ಲ ಕಂಪನಿಯೇ ತನ್ನ ತಾಂತ್ರಿಕ ಪತ್ರಿಕೆಯಲ್ಲಿ ಅಚ್ಚು ಹಾಕಿಸಿತ್ತು! 2600 ಹರ್ಟ್ಸ್ ವಿಷಯ 1954ರ ಸಂಚಿಕೆಯಲ್ಲಿ, ಜೋಡಿ ಸ್ವರಗಳ ಪಟ್ಟಿ 1960ರ ನವೆಂಬರ್ ಸಂಚಿಕೆಯಲ್ಲಿ. ಆ ಪತ್ರಿಕೆ ಎಂಜಿನಿಯರಿಂಗ್ ಕಾಲೇಜುಗಳ ಲೈಬ್ರರಿಗೆಲ್ಲ ಹೋಗುತ್ತಿತ್ತು. ಎಂಜಿನಿಯರುಗಳಿಗೆ ತಮ್ಮ ಕೆಲಸವನ್ನು ತೋರಿಸಿಕೊಳ್ಳುವ ಆಸೆ ಇರುತ್ತದಲ್ಲ.

ಕೆಲವರಿಗೆ ಡಬ್ಬಿಯೂ ಬೇಕಿರಲಿಲ್ಲ. ಜೋ ಎಂಗ್ರೆಸಿಯಾ ಹುಟ್ಟು ಕುರುಡರು, ಆದರೆ ಸ್ವರಜ್ಞಾನ ಗಟ್ಟಿ. ಏಳೆಂಟು ವರ್ಷದವರಿದ್ದಾಗಲೇ ಫೋನಿನಲ್ಲಿ ಶಿಳ್ಳೆ ಹಾಕಿ, ಲೈನ್ ಕಟ್ಟಾಗುವುದನ್ನು ಕಂಡುಕೊಂಡರು. ದಕ್ಷಿಣ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಗೆಳೆಯರಿಗೆ ಬಾಯಿಶಿಳ್ಳೆಯಿಂದಲೇ ದೂರದ ಕರೆ ಹಾಕಿಕೊಡುತ್ತಿದ್ದರು, ಒಂದು ಕರೆಗೆ ಒಂದು ಡಾಲರ್. 1968ರಲ್ಲಿ ಸಿಕ್ಕಿಬಿದ್ದರು. ಆ ಕಾಲದ ಫ್ರೀಕ್‌ಗಳಲ್ಲಿ ಕಣ್ಣು ಕಾಣದ ಹುಡುಗರು ಹಲವರಿದ್ದರು. ಫೋನ್ ಅವರಿಗೆ ಹೊರಪ್ರಪಂಚವೇ ಆಗಿತ್ತು. ಕ್ಯಾಪ್‌ನ್ ಕ್ರಂಚ್ ಅನ್ನುವ ಬೆಳಗಿನ ತಿಂಡಿಯ ಸೀರಿಯಲ್ ಡಬ್ಬದಲ್ಲಿ ಮಕ್ಕಳಿಗೆ ಉಚಿತವಾಗಿ ಬರುತ್ತಿದ್ದ ಪ್ಲಾಸ್ಟಿಕ್ ಪೀಪಿಯ ಒಂದು ತೂತು ಮುಚ್ಚಿ ಊದಿದರೆ 2600 ಬರುತ್ತದೆ ಅನ್ನುವುದನ್ನು ಜಾನ್ ಡ್ರೇಪರ್ ಅನ್ನುವ ಫ್ರೀಕ್ ತಿಳಿದುಕೊಂಡದ್ದು ಇಂಥ ಹುಡುಗರಿಂದಲೇ. ಆ ಪೀಪಿಯಿಂದಲೇ ಅವರಿಗೆ ‘ಕ್ಯಾಪ್ಟನ್ ಕ್ರಂಚ್’ ಅನ್ನುವ ಅಡ್ಡಹೆಸರು ಬಂತು.

ಪೀಪಿಯಿಂದ ಲೈನ್ ಹಿಡಿಯಬಹುದು, ಆದರೆ ಎರಡು ಸ್ವರ ಒಟ್ಟಿಗೆ ಊದಲಾಗದು. ಕೆಲವರು ಎಲೆಕ್ಟ್ರಿಕ್ ಆರ್ಗನ್‌ನ ಎರಡೆರಡು ಮನೆ ಒತ್ತಿ ಟೇಪಿಗೆ ಇಳಿಸಿಕೊಂಡರು. ಉಳಿದವರು ಸೋಲ್ಡರಿಂಗ್ ಐರನ್ ಹಿಡಿದರು. ಹಳೆಯ ಮಾದರಿಯ ಬ್ಲೂ ಬಾಕ್ಸಿನಲ್ಲಿ ಒಂದೊಂದು ಸ್ವರಕ್ಕೂ ಟ್ರಾನ್ಸಿಸ್ಟರಿನ ಒಂದು ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್. ಗುಂಡಿ ಒತ್ತಿದರೆ ಎರಡು ಆಸಿಲೇಟರುಗಳ ಸದ್ದು ಬೆರೆತು ಸ್ಪೀಕರಿಗೆ ಬರುತ್ತದೆ. ರೇಡಿಯೋ ರಿಪೇರಿ ಗೊತ್ತಿದ್ದವರಿಗೆ ಇದು ದೊಡ್ಡ ಕೆಲಸವೇನಲ್ಲ. ಕಷ್ಟ ಇದ್ದದ್ದು ಶ್ರುತಿಯಲ್ಲಿ. ಬಿಸಿಲಿಗೆ ಇಟ್ಟರೆ ಒಂದು ಶ್ರುತಿ, ಚಳಿಗೆ ಇನ್ನೊಂದು. ಬ್ಯಾಟರಿ ಸೋತರೆ ಸ್ವರವೂ ಸೋಲುತ್ತದೆ. ಫ್ರೀಕ್ವೆನ್ಸಿ ಅಳೆಯುವ ಯಂತ್ರ ಮನೆಯಲ್ಲಿ ಯಾರ ಹತ್ತಿರ ಇರುತ್ತದೆ? ಒಳ್ಳೆಯ ಕಿವಿ ಇದ್ದವರು ವಾದ್ಯದ ಜೊತೆ ಹೋಲಿಸಿ, ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಸರಿಮಾಡುತ್ತಿದ್ದರು.

ಈ ತೊಂದರೆಯನ್ನು ಚೆಂದವಾಗಿ ಬಿಡಿಸಿದವರು, ಮುಂದೆ ಸ್ಟೀವ್ ಜಾಬ್ಸ್ ಜೊತೆ ಆಪಲ್ ಕಂಪನಿ ಕಟ್ಟಿದ ಸ್ಟೀವ್ ವೋಜ್ನಿಯಾಕ್. 1971ರ ಅಕ್ಟೋಬರ್‌ನಲ್ಲಿ ಎಸ್ಕ್ವೈರ್ ಮಾಸಪತ್ರಿಕೆ ಫ್ರೀಕ್‌ಗಳ ಬಗ್ಗೆ ದೊಡ್ಡ ಲೇಖನ ಹಾಕಿತು. ಓದಿದ ವೋಜ್ನಿಯಾಕ್, ಸ್ಟೀವ್ ಜಾಬ್ಸ್ ಅವರನ್ನು ಕರೆದುಕೊಂಡು ಸ್ಟ್ಯಾನ್‌ಫರ್ಡ್‌ನ ಲೀನಿಯರ್ ಆಕ್ಸಿಲರೇಟರ್ ಕೇಂದ್ರದ ಲೈಬ್ರರಿಗೆ ಹೋಗಿ ಸ್ವರಗಳ ಪಟ್ಟಿ ಹುಡುಕಿದರು. ಮೊದಲು ಕಟ್ಟಿದ್ದರಲ್ಲಿ ಶ್ರುತಿ ನಿಲ್ಲಲಿಲ್ಲ. ಆಮೇಲೆ ಆಸಿಲೇಟರುಗಳನ್ನು ಬಿಟ್ಟು, ಒಂದು ಕ್ರಿಸ್ಟಲಿನ ವೇಗದ ಮಿಡಿತವನ್ನು ಡಿಜಿಟಲ್ ಚಿಪ್‌ಗಳಿಂದ ಭಾಗಿಸಿ ಎಲ್ಲ ಸ್ವರಗಳನ್ನೂ ತೆಗೆದರು. ಬಿಸಿಲಿರಲಿ ಚಳಿಯಿರಲಿ, ಭಾಗಾಕಾರ ತಪ್ಪುವುದಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಇವನ್ನು ಸುಮಾರು 150 ಡಾಲರಿಗೆ ಮಾರಿದರು. ವೋಜ್ನಿಯಾಕ್ ಅಮೆರಿಕ ಸರ್ಕಾರದ ಹೆನ್ರಿ ಕಿಸಿಂಜರ್ ಧ್ವನಿಯಲ್ಲಿ ವ್ಯಾಟಿಕನ್‌ಗೆ ಫೋನ್ ಮಾಡಿ ಪೋಪ್ ಬೇಕು ಅಂದ ಕಥೆ ಎಲ್ಲರೂ ಹೇಳುತ್ತಾರೆ. ಬ್ಲೂ ಬಾಕ್ಸ್ ಇಲ್ಲದಿದ್ದರೆ ಆಪಲ್ ಇರುತ್ತಿರಲಿಲ್ಲ ಅಂತ ಜಾಬ್ಸ್ ಮುಂದೆ ಹೇಳಿದ್ದುಂಟು.

ಮುಂದೆ ‘ಬಾಕ್ಸ್’ ಅನ್ನುವುದು ಒಂದು ಜಾತಿಯ ಹೆಸರೇ ಆಯಿತು. ಕಾಮನಬಿಲ್ಲಿನ ಎಲ್ಲ ಬಣ್ಣದ ಬಾಕ್ಸ್‌ಗಳೂ ಹುಟ್ಟಿದವು. ಅರ್ಧಕ್ಕರ್ಧ ಬರೀ ಬಡಾಯಿ. ತಿಳಿದಿರಬೇಕಾದವು ಎರಡು. ರೆಡ್ ಬಾಕ್ಸ್, ಪೇಫೋನಿಗೆ ನಾಣ್ಯ ಹಾಕಿದಾಗ ಬರುವ ‘ಪೀಪ್’ ಸದ್ದನ್ನು ನಕಲು ಮಾಡುತ್ತಿತ್ತು. 1700 ಮತ್ತು 2200 ಹರ್ಟ್ಸ್ ಒಟ್ಟಿಗೆ, ಐದು ಸೆಂಟಿಗೆ ಒಂದು ಪೀಪ್, ಇಪ್ಪತ್ತೈದು ಸೆಂಟಿಗೆ ಐದು. ಬ್ಲ್ಯಾಕ್ ಬಾಕ್ಸ್‌ನಲ್ಲಿ ಸದ್ದೇ ಇಲ್ಲ. ಕರೆ ಬಂದಾಗ ಫೋನ್ ಎತ್ತಿಲ್ಲ ಅಂತ ಎಕ್ಸ್‌ಚೇಂಜನ್ನು ನಂಬಿಸುವ ಸಣ್ಣ ಸರ್ಕ್ಯೂಟ್ ಅದು, ಕರೆ ಮಾಡಿದವನಿಗೆ ಬಿಲ್ ಬೀಳುತ್ತಿರಲಿಲ್ಲ.

ಇದೆಲ್ಲ ಬರೀ ಹುಡುಗರ ಕುತೂಹಲ ಅಂದುಕೊಳ್ಳುವುದು ಬೇಡ. ಬೆಟ್ಟಿಂಗ್ ಬುಕ್ಕಿಗಳೂ ಬ್ಲೂ ಬಾಕ್ಸ್ ಇಟ್ಟುಕೊಂಡಿದ್ದರು. ದುಡ್ಡೂ ಉಳಿಯಿತು, ಬಿಲ್ಲಿನಲ್ಲಿ ನಂಬರಿನ ಗುರುತೂ ಉಳಿಯದು. ಕಂಪನಿಯೂ ಸುಮ್ಮನಿರಲಿಲ್ಲ. ಡೈರೆಕ್ಟರಿ ವಿಚಾರಣೆಗೆ ಗಂಟೆಗಟ್ಟಲೆ ಕರೆ ಅಂತ ದಾಖಲಾದರೆ ಅನುಮಾನ ಬರುತ್ತಿತ್ತು. 1964ರಿಂದ 1970ರವರೆಗೆ ಗ್ರೀನ್‌ಸ್ಟಾರ್ ಅನ್ನುವ ಗುಟ್ಟಿನ ಯೋಜನೆಯಲ್ಲಿ ಸುಮಾರು 3 ಕೋಟಿ 30 ಲಕ್ಷ ಕರೆಗಳನ್ನು ಯಂತ್ರಗಳಿಂದ ತಪಾಸಣೆ ಮಾಡಿಸಿ, ಅನುಮಾನ ಬಂದವನ್ನು ಟೇಪ್ ಮಾಡಿಕೊಂಡಿತ್ತು. 1975ರಲ್ಲಿ ಇದು ಬಯಲಾಯಿತು. ಕಳ್ಳರನ್ನು ಹಿಡಿಯಲು ಅಮಾಯಕರ ಮಾತಿಗೂ ಕಿವಿಗೊಟ್ಟದ್ದು ಸಣ್ಣ ತಪ್ಪೇನಲ್ಲ. ಡ್ರೇಪರ್ 1972ರಲ್ಲಿ ಸಿಕ್ಕಿಬಿದ್ದರು. 1976ರಲ್ಲಿ ಮತ್ತೆ ಸಿಕ್ಕಿಬಿದ್ದು ಜೈಲಿಗೂ ಹೋದರು.

ಬ್ಲೂ ಬಾಕ್ಸನ್ನು ಕೊಂದದ್ದು ಪೊಲೀಸರಲ್ಲ, ಹೊಸ ವೈರಿಂಗ್. 1976ರಿಂದ ಎಟಿ ಅಂಡ್ ಟಿ ಸೂಚನೆಗಳನ್ನು ಮಾತಿನ ಲೈನಿನಿಂದ ಬೇರೆ ಮಾಡಿ, ಪ್ರತ್ಯೇಕ ಡೇಟಾ ಲೈನಿನಲ್ಲಿ ಕಳಿಸತೊಡಗಿತು. ಆಮೇಲೆ ಗಿರಾಕಿ ಎಷ್ಟೇ ಊದಿದರೂ ಅದು ಬರೀ ಸದ್ದು. ಸಾಫ್ಟ್‌ವೇರ್ ಲೋಕ ಮಾತ್ರ, ಮಾತನ್ನೂ ಆಜ್ಞೆಯನ್ನೂ ಒಂದೇ ದಾರಿಯಲ್ಲಿ ಬೆರೆಸಬಾರದು ಅನ್ನುವ ಈ ಪಾಠವನ್ನು ಪದೇಪದೇ ಮರೆಯುತ್ತದೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಅನ್ನುವ ದಾಳಿಯೂ ಹೆಚ್ಚುಕಡಿಮೆ ಇದೇ: ಹೆಸರು ಬರೆಯಬೇಕಾದ ಜಾಗದಲ್ಲಿ ಆಜ್ಞೆ ಬರೆದರೆ ಡೇಟಾಬೇಸ್ ಅದನ್ನು ಪಾಲಿಸುತ್ತದೆ.

ಬದಲಾವಣೆ ಎಲ್ಲ ಕಡೆ ಮುಗಿಯಲು ವರ್ಷಗಳೇ ಹಿಡಿದವು. ಮಿನೆಸೋಟಾದ ವಾವಿನಾ ಅನ್ನುವ ಹಳ್ಳಿಯಲ್ಲಿ 2600ಕ್ಕೆ ಓಗೊಡುವ ಹಳೆಯ ಲೈನ್ 2006ರ ಜೂನ್‌ವರೆಗೂ ಉಳಿದಿತ್ತು. ಅದನ್ನು ತೆಗೆಯುವ ಮುಂಚೆ ಹಳೆಯ ಟೆಲಿಫೋನಿನ ಆಸಕ್ತರು ಅಲ್ಲಿಗೆ ಕರೆ ಮಾಡಿ ಮಾಡಿ ಊದಿ ನೋಡಿದರು. ಈಗ ಅಂಥವರೇ ಕೆಲವರು ಕಂಪ್ಯೂಟರಿನಲ್ಲಿ ಹಳೆಯ ಎಕ್ಸ್‌ಚೇಂಜಿನ ನಕಲು ಎಬ್ಬಿಸಿಕೊಂಡಿದ್ದಾರೆ. ಅದಕ್ಕೆ ಬ್ಲೂ ಬಾಕ್ಸ್ ಹಿಡಿದರೆ ಕೆಲಸ ಮಾಡುತ್ತದೆ, ಕಾನೂನಿನ ತಕರಾರೂ ಇಲ್ಲ.