ಹೋದವರಿಗೂ ಒಂದು ಎಲೆ

ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಕಾಸರಗೋಡಿನ ಬೇಕಲದ ಹತ್ತಿರ ತೃಕ್ಕನ್ನಾಡು ದೇವಸ್ಥಾನದ ಎದುರಿನ ಕಡಲ ತೀರದಲ್ಲಿ ಜನವೋ ಜನ. ತೀರಿಕೊಂಡವರಿಗೆ ಬಲಿ, ಅಂದರೆ ಪಿಂಡ, ಹಾಕಲು ಬಂದವರು ಅವರು. ಮಂಜೇಶ್ವರ, ಕುಂಬಳೆ ಕಡೆಯ ಅನೇಕ ತುಳು ಮನೆಗಳಲ್ಲಿ ಇದೇ ತಿಂಗಳು ಕುಲೆಗಳಿಗೆ, ಅಂದರೆ ತೀರಿಕೊಂಡವರ ಆತ್ಮಗಳಿಗೆ, ಬಡಿಸುತ್ತಾರೆ. ಬಾಳೆ ಎಲೆ ಹಾಕಿ, ಹೋದವರನ್ನು ಕರೆದು, ಬಾಗಿಲು ಎಳೆದು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಮದುವೆಯಾಗದೆ ಹೋದವರಿಗೆ ವರ್ಷಗಳ ನಂತರ ಹಾಗೆಯೇ ಹೋದ ಇನ್ನೊಬ್ಬರನ್ನು ಜೋಡಿಯಾಗಿ ಹುಡುಕಿ ಕುಲೆ ಮದುವೆ ಮಾಡುವುದೂ ಉಂಟು. ಎಳವೆಯಲ್ಲೇ ಹೋದ ಮಗುವಿಗೂ ಅಪ್ಪ ಅಮ್ಮನ ಲೆಕ್ಕದಲ್ಲಿ ವಯಸ್ಸು ಏರುತ್ತಲೇ ಇರುತ್ತದೆ, ಅಲ್ವಾ?

ಮನೋವಿಜ್ಞಾನ ಬಹಳ ಕಾಲ ಇದಕ್ಕೆ ಉಲ್ಟಾ ಹೇಳಿತು. 1917ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಬರೆದ ಪ್ರಬಂಧದ ಪ್ರಕಾರ, ಸತ್ತವರ ಮೇಲಿನ ಮನಸ್ಸನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ದುಃಖದ ಕೆಲಸ. 1920ರಲ್ಲಿ ಅವರ ಮಗಳು ಸೋಫಿ ಜ್ವರದಿಂದ ತೀರಿಕೊಂಡಳು. ಒಂಬತ್ತು ವರ್ಷಗಳ ನಂತರ ಗೆಳೆಯನಿಗೆ ಬರೆದ ಪತ್ರದಲ್ಲಿ ಅದೇ ಫ್ರಾಯ್ಡ್, ಆ ಜಾಗವನ್ನು ಬೇರೆ ಯಾವುದೂ ತುಂಬಲಾರದು, ಹಾಗೆ ಇರುವುದೇ ಸರಿ ಎಂದರು. ಆದರೂ ಲೋಕ ಹಿಡಿದುಕೊಂಡದ್ದು ಪ್ರಬಂಧವನ್ನೇ.

1971ರಲ್ಲಿ ಡೆವಿ ರೀಸ್ ಎಂಬ ವೈದ್ಯರು ಬ್ರಿಟನ್ನಿನ ವೇಲ್ಸ್‌ನಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಮಂದಿಯನ್ನು ಮಾತಾಡಿಸಿದ ವರದಿ ಪ್ರಕಟಿಸಿದರು. ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಹೋದವರ ಅನುಭವ ಒಂದಲ್ಲ ಒಂದು ರೀತಿಯಲ್ಲಿ ಆಗಿತ್ತು. ಬಹಳ ಮಂದಿಗೆ ಅವರು ಇಲ್ಲೇ ಇದ್ದಾರೆ ಅನ್ನಿಸಿತ್ತು. ಕೆಲವರಿಗೆ ಧ್ವನಿ ಕೇಳಿಸಿತ್ತು, ಕೆಲವರಿಗೆ ರೂಪ ಕಂಡಿತ್ತು. ಅವರು ಹುಚ್ಚರಲ್ಲ, ಹಳ್ಳಿಯ ಸಾಮಾನ್ಯ ಜನ. ಹೆಚ್ಚಿನವರಿಗೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಆದರೆ ನನಗೆ ತುಂಬ ನೋವಾಗುವುದು ಇನ್ನೊಂದು ವಿಷಯಕ್ಕೆ. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ನಕ್ಕರೆ ಅಂತ ಹೆದರಿ ಸುಮ್ನೆ ಇದ್ದವರೂ ಇದ್ದರು. ನಮ್ಮ ಊರಿನಲ್ಲಿ ಮನೆಮಂದಿಯೆಲ್ಲ ಸೇರಿ ಕರೆದು ಬಡಿಸುವುದನ್ನು ಅವರು ಒಬ್ಬೊಬ್ಬರೇ ಒಳಗೊಳಗೆ ಇಟ್ಟುಕೊಂಡಿದ್ದರು.

1996ರಲ್ಲಿ ಡೆನ್ನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಎಂಬ ಅಮೆರಿಕದ ಮೂವರು ಸಂಶೋಧಕರು ಸತ್ತವರಿಂದ ಮನಸ್ಸು ಬಿಡಿಸಿಕೊಳ್ಳಲೇಬೇಕು ಎಂಬ ಹಳೆಯ ನಂಬಿಕೆಯನ್ನು ಬಲವಾಗಿ ಪ್ರಶ್ನಿಸಿದರು. ಸಂಬಂಧ ಮುಗಿಯುವುದಿಲ್ಲ, ಅದರ ರೂಪ ಬದಲಾಗುತ್ತದೆ ಎಂದರು. ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳು ಅವರೊಡನೆ ಮಾತಾಡುತ್ತಾರೆ, ಅವರ ವಸ್ತುಗಳನ್ನು ಜೋಪಾನ ಮಾಡುತ್ತಾರೆ. ಬೆಳೆದಂತೆ ಆ ಸಂಬಂಧವನ್ನೂ ಹೊಸದಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ನಂಟು ಉಳಿದರೆ ಎಲ್ಲರಿಗೂ ಒಳ್ಳೆಯದೇ ಅಂತಲ್ಲ. ಕೆಲವರಿಗೆ ಹಂಬಲವೇ ದಿನವನ್ನೆಲ್ಲ ನುಂಗುತ್ತದೆ. ಕೆಲಸ, ಊಟ, ಜನ, ಯಾವುದೂ ಬೇಡವಾಗುತ್ತದೆ. ಹೀಗೆ ಎಡೆಬಿಡದೆ ಮುಂದುವರಿಯುವ ದುಃಖವನ್ನು 2022ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಒಂದು ಕಾಯಿಲೆಯಾಗಿ ಸೇರಿಸಿತು. ದೊಡ್ಡವರ ವಿಷಯದಲ್ಲಿ ಸಾವಾಗಿ ಕನಿಷ್ಠ ಒಂದು ವರ್ಷ ಆಗಿರಬೇಕು ಎಂಬ ಗಡಿಯೂ ಅದರಲ್ಲಿದೆ. ಇದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ, ಅದರಿಂದ ಅನೇಕರಿಗೆ ಗುಣವೂ ಸಿಗುತ್ತದೆ.

ನಮ್ಮ ಕ್ರಮಗಳಲ್ಲೂ ಒಂದು ಕೊರತೆ ಇದೆ. ಎಷ್ಟೋ ಮನೆಗಳಲ್ಲಿ ತಿಥಿ ಮಾಡುವವನು ಮಗ. ನಲವತ್ತು ವರ್ಷ ಜೊತೆಗಿದ್ದ ಹೆಂಡತಿ ಅಡುಗೆಮನೆಯಲ್ಲಿರುತ್ತಾಳೆ. ಎಲ್ಲರಿಗಿಂತ ಜಾಸ್ತಿ ಕಳೆದುಕೊಂಡವಳಿಗೆ ಅಲ್ಲಿ ಮಾತಾಡಲು ಜಾಗವೇ ಇಲ್ಲ. ಎಲೆಗೆ ಏನು ಬಡಿಸಬೇಕು ಅಂತ ಕೇಳಬೇಕಾದದ್ದು ಅವಳನ್ನೇ. ಅವರ ಬಗ್ಗೆ ಒಂದಿಷ್ಟು ಹೇಳಿ ಅಂತ ಕೂತು ಕೇಳಬೇಕಾದದ್ದೂ ಅವಳನ್ನೇ.

ಈಗ ನಂಟು ಫೋನಿನಲ್ಲೂ ಇದೆ. ವಾಟ್ಸಾಪ್‌ನಲ್ಲಿ ಉಳಿದ ಧ್ವನಿಯನ್ನು ಮತ್ತೆ ಮತ್ತೆ ಕೇಳುವವರು ಎಷ್ಟೋ ಮಂದಿ. ಫೋನ್ ಕೆಟ್ಟರೆ ಅದೂ ಹೋಗಬಹುದು. ಅಂಥ ಧ್ವನಿ ನಿಮ್ಮಲ್ಲಿದ್ದರೆ ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿಡಿ. ಮನೆಯಲ್ಲಿ ಫೋನ್ ಬಳಕೆ ಗೊತ್ತಿಲ್ಲದ ಹಿರಿಯರಿದ್ದರೆ ಅವರಿಗೂ ಮಾಡಿಕೊಡಿ.