ಬಸುರಿ ಕುಡಿಯುತ್ತಿದ್ದರೆ ಕೇಳುವುದು ಹೇಗೆ, ಬಿಡಿಸುವುದು ಹೇಗೆ

ತಪಾಸಣೆಗೆ ಬಂದ ಬಸುರಿಯನ್ನು ಅತ್ತೆಯ ಎದುರೇ “ಕುಡಿಯುತ್ತೀಯಾ?” ಎಂದು ಕೇಳಿದರೆ “ಇಲ್ಲ” ಎಂಬ ಉತ್ತರವೇ ಬರುತ್ತದೆ. ಅಲ್ಲಿಗೆ ದಾರಿ ಮುಚ್ಚಿತು. ತೂಕ, ಬಿಪಿ ನೋಡುವ ನೆಪದಲ್ಲಿ ಅವಳೊಬ್ಬಳನ್ನೇ ಒಳಗೆ ಕರೆದು ಹೀಗೆ ಕೇಳಿ: “ಮೈಕೈ ನೋವಿಗೆ ಅಂತ ಕೆಲವರು ಸಂಜೆ ಸ್ವಲ್ಪ ತಗೊಳ್ತಾರೆ. ಬಸುರಿ ಅಂತ ಗೊತ್ತಾಗೋ ಮುಂಚೆ ನೀವು ಎಷ್ಟು ತಗೊಳ್ತಿದ್ರಿ ಅಕ್ಕಾ?” ಹಳೆಯ ದಿನಗಳ ಮಾತು ಸಲೀಸಾಗಿ ಬರುತ್ತದೆ; ಈಗಿನದು ಅದರ ಹಿಂದೆಯೇ ಬರುತ್ತದೆ. ನೋಡಿದರೆ ಹಾಗನ್ನಿಸದವರನ್ನೂ ಕೇಳಬೇಕು, ಪ್ರತಿ ಭೇಟಿಯಲ್ಲೂ ಕೇಳಬೇಕು.

ಅಳತೆಯನ್ನು ಅವಳ ಮಾತಿನಲ್ಲೇ ಕೇಳಿ: ಪ್ಯಾಕೆಟ್ಟೋ, ಕ್ವಾರ್ಟರೋ, ಬಾಟಲಿಯೋ? 90 ಎಂಎಲ್ ವಿಸ್ಕಿ ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಕ್ವಾರ್ಟರಿನಲ್ಲಿ 60. “ಬಿಯರ್ ತಾನೆ” ಎನ್ನುವವರಿಗೆ ಈ ಲೆಕ್ಕ ಹೇಳಲೇಬೇಕು: ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ ಇರುವುದು 41 ಗ್ರಾಂ, ಅಂದರೆ ಆ ಪ್ಯಾಕೆಟ್ಟಿಗಿಂತ ಹೆಚ್ಚು.

ಇಷ್ಟು ಕುಡಿದರೆ ತೊಂದರೆಯಿಲ್ಲ ಎನ್ನುವ ಪ್ರಮಾಣ ಗರ್ಭಿಣಿಗೆ ಇಲ್ಲ. ತಾಯಿಯ ರಕ್ತದಲ್ಲಿರುವ ಮದ್ಯ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಮುಖ, ಹೃದಯ ರೂಪುಗೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಮಿದುಳು ಬೆಳೆಯುವುದು ಒಂಬತ್ತೂ ತಿಂಗಳು. ಹಾಗಾಗಿ ಏಳನೇ ತಿಂಗಳಲ್ಲಿ ಬಿಟ್ಟರೂ ಲಾಭವಿದೆ. “ಆಗಿದ್ದು ಆಗಿಹೋಯ್ತು” ಎಂದು ಕೈಚೆಲ್ಲಿ ಕೂತವಳಿಗೆ ಇದನ್ನು ಮೊದಲು ಹೇಳಿ.

ಮುಂದಿನ ಪ್ರಶ್ನೆ ಮುಖ್ಯವಾದದ್ದು: “ಬೆಳಗ್ಗೆ ಎದ್ದಾಗ ಕೈ ನಡುಗುತ್ತಾ? ಎದ್ದಕೂಡಲೇ ಬೇಕು ಅನ್ನಿಸುತ್ತಾ?” ಹೌದು ಎಂದವಳಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದವಳಿಗೆ “ಇವತ್ತೇ ಬಿಟ್ಟುಬಿಡು” ಎನ್ನಬಾರದು. ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲೆ ಬುದ್ಧಿಭ್ರಮಣೆಯಾಗಬಹುದು. ತಾಯಿ ಮಗು ಇಬ್ಬರಿಗೂ ಅಪಾಯ. ಅವಳನ್ನು ಹೆರಿಗೆ ತಜ್ಞರಿರುವ ಆಸ್ಪತ್ರೆಯಲ್ಲಿ ದಾಖಲಿಸಿ, ಕೆಲವು ದಿನ ಮಾತ್ರ ನಿದ್ರಾಜನಕ ಔಷಧ ಕೊಟ್ಟು ಬಿಡಿಸಬೇಕು. ಗ್ಲೂಕೋಸ್ ಡ್ರಿಪ್ ಹಾಕುವ ಮೊದಲೇ ಥಯಾಮಿನ್ (ಬಿ1 ವಿಟಮಿನ್) ಕೊಡಬೇಕು. ಇದು ತಪ್ಪಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕುಡಿತ ಬಿಡಿಸುವ ಪುಡಿ, ಮಾತ್ರೆಗಳನ್ನು ಅವಳಿಗೆ ತಿಳಿಯದಂತೆ ಸಾರಿಗೆ ಬೆರೆಸುವ ಮನೆಗಳಿವೆ. ಇಂಥ ಮಾತ್ರೆಗಳಲ್ಲಿ ಒಂದಾದ ಡೈಸಲ್ಫಿರಾಮ್ ಹೊಟ್ಟೆಯಲ್ಲಿರುವಾಗ ಕುಡಿದರೆ ಬಿಪಿ ಕುಸಿಯುತ್ತದೆ. ದಯವಿಟ್ಟು ಬೇಡ.

ವಾರಕ್ಕೆ ಒಂದೆರಡು ಸಲ ಕುಡಿಯುವವರು, ಕೈ ನಡುಕ ಇಲ್ಲದವರು ಪೂರ್ತಿ ನಿಲ್ಲಿಸಬಹುದು. ಆಗ ಮಾತಾಡಬೇಕಾದ್ದು ಕುಡಿಯುವ ಹೊತ್ತಿನ ಬಗ್ಗೆ. ಬಟವಾಡೆಯ ಸಂಜೆಯೋ? ಗಂಡ ತಂದಿಟ್ಟಾಗಲೋ? ಬೇಡ ಎಂದರೆ ಹೊಡೆಯುತ್ತಾನೋ? ಹೊಡೆತವಿದ್ದಲ್ಲಿ ಮೊದಲು ಅವಳ ಸುರಕ್ಷತೆ ನೋಡಬೇಕು; ಹೊಡೆತವಿಲ್ಲದಿದ್ದರೆ, ಹೆರಿಗೆಯವರೆಗೆ ಮದ್ಯ ಮನೆಗೆ ತರಬೇಡ ಎಂದು ಗಂಡನನ್ನು ಒಪ್ಪಿಸಬೇಕು. ಕೆಲಸದಿಂದ ಬಂದಕೂಡಲೇ ಹೊಟ್ಟೆಗೆ ಏನಾದರೂ ಬಿದ್ದರೆ ಅರ್ಧ ಆಸೆ ಅಲ್ಲೇ ಇಳಿಯುತ್ತದೆ. ಸೊಂಟಕ್ಕೆ ಬಿಸಿನೀರಿನ ಶಾಖ, ಕೆಲಸದಲ್ಲಿ ಭಾರ ಎತ್ತದ ಹಾಗೆ ಏರ್ಪಾಡು ಆಗಬೇಕು. ಒಂದೇ ವಾರದಲ್ಲಿ ಮತ್ತೆ ಕರೆಸಿ. ನಡುವೆ ಒಮ್ಮೆ ಕುಡಿದಿದ್ದರೆ ಬೈಯಬೇಡಿ, ಬೈದರೆ ತಪಾಸಣೆಗೇ ಬರುವುದಿಲ್ಲ. ನಡುವೆ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ತಾಯಿ ಕಾರ್ಡನ್ನು ಮನೆಯವರೆಲ್ಲ ನೋಡುತ್ತಾರೆ. ಕುಡಿತದ ವಿಷಯ ಅದರಲ್ಲಿ ಬರೆಯದೆ ಹೆರಿಗೆ ಮಾಡಿಸುವ ವೈದ್ಯರಿಗೆ ನೇರವಾಗಿ ತಿಳಿಸಿ. ಮನೆಯವರಿಗೆ ಮೊದಲೇ ಹೇಳಿಡಬೇಕಾದ್ದು ಇನ್ನೊಂದಿದೆ, ಬಾಣಂತಿಗೆ ಕೊಡುವ ಬ್ರಾಂದಿ. ತಾಯಿಯ ರಕ್ತದಲ್ಲಿ ಎಷ್ಟು ಮದ್ಯವಿರುತ್ತದೋ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ; 30 ಎಂಎಲ್ ಕುಡಿದರೂ ಅದು ಇಳಿಯಲು ಸುಮಾರು ಎರಡು ಗಂಟೆ ಬೇಕು.