ಗೇರುಬೀಜದ ಸೊನೆ, ದೊಡ್ಡಮ್ಮನ ಹೆಬ್ಬೆರಳು

ಏಪ್ರಿಲ್ ಬಂತೆಂದರೆ ರೇಷನ್ ಅಂಗಡಿಯ ಮೆಷಿನ್‌ಗೂ ನಮ್ಮ ದೊಡ್ಡಮ್ಮನಿಗೂ ಆಗಿಬರುವುದಿಲ್ಲ. ಹೆಬ್ಬೆರಳು ಒತ್ತುತ್ತಾರೆ, ಮೆಷಿನ್ ಒಪ್ಪುವುದಿಲ್ಲ. ಸೆರಗಿನಲ್ಲಿ ಒರೆಸಿ ಮತ್ತೆ ಒತ್ತುತ್ತಾರೆ, ಊಹೂಂ. ಬದಿಯಡ್ಕದ ಕಡೆ ಗುಡ್ಡೆಗಳಲ್ಲಿ ಗೇರುಬೀಜ ಹೆಕ್ಕುವ ಕಾಲ ಅದು. ದಿನವಿಡೀ ಹಣ್ಣಿನಿಂದ ಬೀಜ ತಿರುಪಿ ತೆಗೆದು, ಸಂಜೆ ಒಂದಿಷ್ಟು ಸುಟ್ಟು ಒಡೆದ ಕೈ. ಅಂಗೈ ಕಪ್ಪಾಗಿ, ಬೆರಳ ತುದಿಯ ಚರ್ಮ ನೀರುಳ್ಳಿ ಸಿಪ್ಪೆಯ ಹಾಗೆ ಎದ್ದಿರುತ್ತದೆ.

"ನನ್ನ ಗುರುತೇ ಹೋಯಿತೋ ಏನೋ ಮಗಾ" ಅಂತ ಅವರ ಗೊಣಗಾಟ.

ಹೋಗುವುದಿಲ್ಲ. ಸುಲಿದು ಬಂದದ್ದು ಹೇಗೂ ಸತ್ತದ್ದೇ. ನಮ್ಮ ಕಣ್ಣಿಗೆ ಕಾಣುವ ಚರ್ಮಕ್ಕೆ ಜೀವ ಇಲ್ಲ. ಸತ್ತು ಚಪ್ಪಟೆಯಾದ ಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ಒಳಗೆ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್, ನಡುವೆ ನೀರು ಇಳಿಯದಂತೆ ಜಿಡ್ಡು. ಹಳೆ ಮನೆಗಳ ಮುಳಿಹುಲ್ಲಿನ ಮಾಡು ನೋಡಿದ್ದೀರಲ್ಲ, ಹಾಗೆ. ಆದರೆ ಮಾಡಿಗೆ ಹೊಸ ಹುಲ್ಲು ಮೇಲಿಂದ ಬೀಳುತ್ತದೆ, ಚರ್ಮಕ್ಕೆ ಕೆಳಗಿಂದ. ಹೊರಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೆ ಮೇಲೆ ಬರುತ್ತಾ, ದಾರಿಯಲ್ಲೇ ಸತ್ತು, ಸುಮಾರು ನಾಲ್ಕು ವಾರ ಕಳೆದು ಉದುರುತ್ತದೆ. ಮನೆ ಗುಡಿಸಿದ ಧೂಳಿನಲ್ಲಿ ನಮ್ಮದೂ ಪಾಲಿದೆ.

ಈ ಮಾಡು ಎಲ್ಲ ಕಡೆ ಒಂದೇ ದಪ್ಪ ಅಲ್ಲ. ಕಣ್ಣಿನ ರೆಪ್ಪೆಯಲ್ಲಿ ಹೊರಚರ್ಮ ಸುಮಾರು 0.05 ಮಿಲಿಮೀಟರ್, ಅಂಗೈ ಅಂಗಾಲಿನಲ್ಲಿ 1.5 ಮಿಲಿಮೀಟರ್ ತನಕ. ಅಂಗೈ ಬರೀ ಸುಲಿದರೆ, ಅದೇ ಕೈ ತಾಗಿದ ಕೆನ್ನೆಯಲ್ಲಿ ಬೊಕ್ಕೆ ಏಳುವುದು ಇದಕ್ಕೇ. ಚಿಕ್ಕವನಿದ್ದಾಗ ಸುಡುವ ತನಕ ಕಾಯಲಾರದೆ ಹಸಿ ಬೀಜವನ್ನು ಹಲ್ಲಿನಲ್ಲೇ ಕಚ್ಚಿದ ಬುದ್ಧಿವಂತ ನಾನು. ತುಟಿ ಬಾತು, ಸುತ್ತ ಬೊಕ್ಕೆ ಎದ್ದು, ಒಂದು ವಾರ ಗಂಜಿಯೇ ಗತಿ. ಬೊಕ್ಕೆ ಒಡೆದಾಗ ಬಂದದ್ದು ರಕ್ತ ಅಲ್ಲ, ತಿಳಿನೀರು. ಹೊರಚರ್ಮದಲ್ಲಿ ರಕ್ತನಾಳಗಳೇ ಇಲ್ಲ.

ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಇವೆ. ಇವು ಚರ್ಮವನ್ನು ನೇರವಾಗಿ ಸುಡುತ್ತವೆ. ಕೆಲವರಿಗೆ ಅಲರ್ಜಿಯೂ ಸೇರಿಕೊಳ್ಳುತ್ತದೆ, ಅದರ ಕಥೆ ಬೇರೆ. ಹೊರಚರ್ಮದಲ್ಲಿ ಕೈಕಾಲು ಚಾಚಿಕೊಂಡ ಕೆಲವು ಕೋಶಗಳಿವೆ. 1868ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವೈದ್ಯ ವಿದ್ಯಾರ್ಥಿ ಇವನ್ನು ಕಂಡು ನರದ ಕೋಶ ಎಂದುಕೊಂಡ. ಅವು ಕಾವಲಿನವು. ಹೊರಗಿಂದ ಬಂದದ್ದನ್ನು ಹಿಡಿದು ಹತ್ತಿರದ ದುಗ್ಧರಸ ಗ್ರಂಥಿಗೆ, ಅಂದರೆ ಮೈಯ ರಕ್ಷಣಾ ಕೋಶಗಳು ಸೇರಿರುವ ಸಣ್ಣ ಗಂಟಿಗೆ, ಕೊಂಡುಹೋಗಿ ತೋರಿಸುತ್ತವೆ. ಮೊದಲ ಸಲ ಏನೂ ಆಗದೆ ಇರಬಹುದು. ಮುಂದಿನ ಸಲ, ಒಂದೆರಡು ದಿನ ಬಿಟ್ಟು, ತುರಿಕೆ ಶುರು. ಗೇರಿನ ಪರಿಚಯ ಆದ ಚರ್ಮ ಮಾವಿನ ಸೊನೆಗೂ ಸಿಟ್ಟಾಗುವುದುಂಟು. ಚೇರೆ ಮರದ ಹತ್ತಿರ ಹೋಗುವ ಹಾಗೇ ಇಲ್ಲ. ಮೂರೂ ಒಂದೇ ಕುಟುಂಬದವು, ಸೊನೆಯೂ ಹತ್ತಿರ ಹತ್ತಿರದ್ದು. ಪೋರ್ಚುಗೀಸರು ತಂದ ಗೇರಿನ ಹಣ್ಣಿಗೆ ನಮ್ಮ ನೆರೆಯ ಮಲಯಾಳಿಗಳು ಪರಂಗಿಮಾಂಗ, ಅಂದರೆ ಪರಂಗಿಗಳ ಮಾವು ಎನ್ನುತ್ತಾರೆ. ಹೆಸರಿಟ್ಟವರು ಸಸ್ಯಶಾಸ್ತ್ರಿಗಳಲ್ಲ. ಆದರೂ ನೆಂಟಸ್ತಿಕೆ ಸರಿಯಾಗಿಯೇ ಹಿಡಿದಿದ್ದಾರೆ, ಅಲ್ವಾ?

ಬೀಜ ಒಡೆಯುವ ಮುಂಚೆ ದೊಡ್ಡಮ್ಮ ಅಂಗೈಗೆ ತೆಂಗಿನೆಣ್ಣೆ ಸವರಿಕೊಳ್ಳುತ್ತಾರೆ. ಸರಿಯಾದ ಲೆಕ್ಕವೇ. ಮುಖದಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳು ಅಂಗೈಯಲ್ಲಿ ಇಲ್ಲ. ಇರುವುದು ಬೆವರಿನವು, ಅವಂತೂ ಧಾರಾಳ. ಮೈತುಂಬ ಇಪ್ಪತ್ತರಿಂದ ನಲವತ್ತು ಲಕ್ಷ. ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ನಮ್ಮ ಕರಾವಳಿಯ ಸೆಖೆಗೆ ಅದು ಆರುವುದೇ ಇಲ್ಲ, ಸುಮ್ನೆ ಇಳಿಯುತ್ತದೆ.

ಹೊರಚರ್ಮದ ಕೆಳಗೆ ಒಳಚರ್ಮ. ನರ, ರಕ್ತನಾಳ, ಕೂದಲಿನ ಬೇರು ಎಲ್ಲ ಅಲ್ಲಿ. ಅದಕ್ಕೆ ಗಟ್ಟಿತನ ಕೊಡುವುದು ಕೊಲಾಜೆನ್ ನಾರು. ಯಕ್ಷಗಾನದ ಚೆಂಡೆಯ ಮುಚ್ಚಿಗೆಯಲ್ಲಿ ಏಟು ತಿನ್ನುವುದು ದನದ ಇದೇ ಒಳಚರ್ಮ. ಈ ಒಳಚರ್ಮ ಹೊರಚರ್ಮವನ್ನು ಮುಟ್ಟುವ ಗಡಿ ಸಪಾಟಲ್ಲ, ಏರುತಗ್ಗು. ಬೆರಳಚ್ಚಿನ ಗೆರೆಗಳ ಅಚ್ಚು ಇರುವುದು ಅಲ್ಲಿ. ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದು ತಯಾರು. ಒಳಚರ್ಮದ ತನಕ ಗಾಯ ಇಳಿದರೆ ಕಲೆ ಉಳಿಯುತ್ತದೆ, ಗೆರೆಯೂ ಕೆಡಬಹುದು. ಸೊನೆಗೆ ಮೇಲಿನ ಪದರ ಮಾತ್ರ ಸುಲಿದಿದ್ದರೆ ಹೊಸ ಚರ್ಮ ಅದೇ ಗೆರೆ ಹೊತ್ತು ಬರುತ್ತದೆ.

ಮೇ ಕೊನೆಗೆ ಮತ್ತೆ ರೇಷನ್ ಅಂಗಡಿಗೆ ಹೋದೆವು. ದೊಡ್ಡಮ್ಮ ಬೆರಳನ್ನು ಎರಡು ಸಲ ಒರೆಸಿ, ಹೆದರಿಕೊಂಡೇ ಒತ್ತಿದರು. ಚೀಟಿ ಹೊರಗೆ ಬಂತು. ಅಕ್ಕಿ ತೂಗುವವನು ತಲೆ ಎತ್ತಿಯೂ ನೋಡಲಿಲ್ಲ.